ಕಗ್ಗದಾಸಪುರದ ಜಪಾನಿ ದಿಬ್ಬ

ಐವತ್ತು ದಾಟಿದವನು ಹೊಸ ವಿದ್ಯೆ ಕಲಿಯಬಾರದೆಂದಲ್ಲ. ಕಲಿತದ್ದನ್ನು ನಾಲ್ಕು ಜನರ ಮುಂದೆ ಮೆರೆಸಬಾರದು. ನಮ್ಮ ಜಪಾನಿ ಕಂಪನಿಯಲ್ಲಿ ಬಡ್ತಿಯ ಆಸೆಗೆ ನಾನು ಇಂದಿರಾನಗರದಲ್ಲಿ ಜಪಾನಿ ಕ್ಲಾಸಿಗೆ ಸೇರಿದೆ. ಆರು ತಿಂಗಳಲ್ಲಿ ತಲೆಗೆ ಹತ್ತಿದ್ದು ಒಂದೇ ಅಕ್ಷರ: 塚, ‘ತ್ಸುಕ’. ಎಡಕ್ಕೆ ಮಣ್ಣಿನ ಗುರುತು, ಒಟ್ಟಾರೆ ಅರ್ಥ ದಿಬ್ಬ. ಗೋರಿಯ ದಿಬ್ಬಕ್ಕೂ ಅದೇ, ಹಿಂದಿನವರು ತಿಂದೆಸೆದ ಚಿಪ್ಪಿನ ಗುಡ್ಡೆಗೂ ಅದೇ, ದಾರಿಯ ದೂರ ತೋರಿಸಲು ಒಟ್ಟಿದ ಮಣ್ಣಿಗೂ ಅದೇ. ಎಷ್ಟೋ ಮನೆತನಗಳ ಹೆಸರಿನಲ್ಲೂ ಅದು ಕೂತಿದೆ. ಸವೆದ ಕುಂಚ, ಮುರಿದ ಸೂಜಿಗಳನ್ನು ಕಸಕ್ಕೆಸೆಯದೆ ಹೂತು, ಮೇಲೊಂದು ‘ತ್ಸುಕ’ ಮಾಡಿ ಕೈಮುಗಿಯುವುದೂ ಅಲ್ಲಿ ಉಂಟಂತೆ.

"ಇದಕ್ಕೆ ಇರುವೆ ಅನ್ನೋ ಅಕ್ಷರ ಸೇರಿಸಿದ್ರೆ ಹುತ್ತ" ಎಂದು ಮೇಡಂ ಹೇಳಿದ್ದೇ ತಡ, ನಾನು ಎದ್ದು ನಿಂತೆ. "ಕಗ್ಗದಾಸಪುರದಲ್ಲಿ ನಮ್ಮನೆ ಪಕ್ಕದಲ್ಲೇ ಇದೆ ಮೇಡಂ! ನಮ್ಮಮ್ಮ ನಾಗರಪಂಚಮಿಗೆ ಹಾಲೆರೀತಾರೆ."

"ವಂಡರ್‌ಫುಲ್! ಈ ಸಂಡೇ ಎಲ್ರೂ ಬಂದು ನೋಡ್ತೀವಿ ರೀ."

ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ! ಆ ಹುತ್ತವನ್ನು ನಾನು ಬೇಸಿಗೆಯಲ್ಲೇ, ಅಮ್ಮ ತಂಗಿಯ ಮನೆಗೆ ಹೋಗಿದ್ದಾಗ, ಕಾರು ನಿಲ್ಲಿಸಲು ಜಾಗ ಬೇಕೆಂದು ಜೆಸಿಬಿ ತರಿಸಿ ನೆಲಸಮ ಮಾಡಿಸಿದ್ದೆ. ವಾಪಸು ಬಂದ ಅಮ್ಮ ಕಾರನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶನಿವಾರ ಕಾರನ್ನು ಬೀದಿಗೆ ತಂದು ನಿಲ್ಲಿಸಿ, ಪಕ್ಕದ ಸೈಟಿನಲ್ಲಿ ಪಾಯ ತೋಡುತ್ತಿದ್ದವರನ್ನು ಬೇಡಿ ಹತ್ತು ಬಾಂಡ್ಲಿ ಕೆಮ್ಮಣ್ಣು ತಂದೆ. ನೀರು ಕಲಸಿ ಗುಡ್ಡೆ ಮಾಡಿ, ಸೌಟಿನ ಹಿಡಿಯಿಂದ ತೂತು ಕೊರೆದು, ಅರಿಶಿನ ಕುಂಕುಮ ಎರಚಿದೆ. ಅಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ನಾನು ತಲೆ ಎತ್ತಲಿಲ್ಲ.

ಭಾನುವಾರ ಇಡೀ ಕ್ಲಾಸೇ ಬಂತು. ಚಪ್ಪಲಿ ಬಿಟ್ಟು ಭಕ್ತಿಯಿಂದ ಕೈಮುಗಿದರು. "ಎಷ್ಟು ವರ್ಷದ್ದಮ್ಮ ಇದು?" ಎಂದು ಮೇಡಂ ಕೇಳಿದರು. ಅಮ್ಮ ಸೆರಗು ಸರಿಮಾಡಿಕೊಂಡು, "ನಾನು ಮದ್ವೆಯಾಗಿ ಬಂದಾಗ್ಲೇ ಇತ್ತು ತಾಯಿ" ಎಂದಳು. ಎಲ್ಲರಿಗೂ ಮಜ್ಜಿಗೆ ಕೊಟ್ಟಳು.

ಅವರು ಗೇಟು ದಾಟಿದ ಮೇಲೆ ಅಮ್ಮ ನನಗೆ ಹೇಳಿದ್ದು ಇಷ್ಟು: "ನಿನ್ನ ಮಾನ ಉಳ್ಸೋಕೆ ದೇವ್ರ ಮುಂದೆ ಸುಳ್ಳು ಹೇಳ್ಬಿಟ್ಟೆ ಅಂದ್ಕೊಂಡೆ ಕಣೋ. ಆಮೇಲೆ ನೆನಪಾಯ್ತು, ಅಲ್ಲಿ ದೇವ್ರೆಲ್ಲಿದಾನೆ?"

ಅಷ್ಟು ನಾಚಿಕೆ ನನಗೆ ಜನ್ಮದಲ್ಲೇ ಆಗಿರಲಿಲ್ಲ. ಕಾರು ಈಗ ಬೀದಿಯಲ್ಲೇ ಬಿಸಿಲು ಕಾಯುತ್ತದೆ. ದಿಬ್ಬ ಕೆಡವಲು ನನಗೆ ಕೈ ಬರುವುದಿಲ್ಲ. ಊರಿನವರೆಲ್ಲ ಗೆದ್ದಲು ಓಡಿಸಲು ಔಷಧಿ ಹೊಡೆಸಿದರೆ, ನಾನೊಬ್ಬ ದಿನಾ ಬೆಳಿಗ್ಗೆ ಹಳೇ ಹಲಗೆಯ ಚೂರು ಒದ್ದೆ ಮಾಡಿ ದಿಬ್ಬದ ಬುಡದಲ್ಲಿಟ್ಟು ಕಾಯುತ್ತಿದ್ದೇನೆ. ಇದುವರೆಗೆ ಒಂದೂ ಬಂದಿಲ್ಲ. ಪಾಪ, ನನ್ನಂಥವನ ಮನೆಗೆ ಬರಲು ಗೆದ್ದಲಿಗೂ ಮನಸ್ಸಾಗಬೇಕಲ್ಲ.