ಕಣ್ಣಿಗೊತ್ತಿಕೊಂಡ ಪ್ರೇಮಕಾದಂಬರಿ

ಪ್ರೇಮದ ವಿಷಯದಲ್ಲಿ ನನ್ನಷ್ಟು ತಿಳಿದವನು ಇಡೀ ಹಿಂದೂಪುರದಲ್ಲಿ ಇನ್ನೊಬ್ಬ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ನನ್ನದು ಹಾರ್ಡ್‌ವೇರ್ ಅಂಗಡಿ. ನಟ್ಟು, ಬೋಲ್ಟು, ಪೈಪು, ಬೀಗ ಮಾರುತ್ತೇನೆ. ಈ ಕತೆ ನಡೆಯುವ ಹೊತ್ತಿಗೇ ಮೀಸೆ ಅರ್ಧ ಬೆಳ್ಳಗಾಗಿತ್ತು. ಆದರೆ ಗಲ್ಲಾಪೆಟ್ಟಿಗೆಯ ಕೆಳಗೆ ಯಾವಾಗಲೂ ಒಂದು ಪ್ರೇಮಕಾದಂಬರಿ ಇರಲೇಬೇಕು. ಅದೂ ದೊಡ್ಡವರ ಪ್ರೇಮ ನಡೆಯುವುದಿಲ್ಲ. ಹುಡುಗಿ ಪಿಯುಸಿ ದಾಟಿರಬಾರದು, ಹುಡುಗನಿಗೆ ಮೀಸೆ ಆಗತಾನೆ ಚಿಗುರಿರಬೇಕು, ಇಬ್ಬರಿಗೂ ಬಾಯಿ ಬಿಡಲು ಧೈರ್ಯವಿರಬಾರದು. ಕತೆಯ ಅಂಥ ಜಾಗದಲ್ಲಿ ನಾನಿರುವಾಗ ಗಿರಾಕಿ ಬಂದು, "ಅಣ್ಣಾ, ಒಂದಿಂಚು ಪೈಪಿನ ಎಲ್ಬೋ ಕೊಡು" ಎಂದರೆ ಮುಕ್ಕಾಲಿಂಚಿನದ್ದು ಕೊಟ್ಟು ಕಳಿಸಿದ್ದೂ ಉಂಟು.

ನಮ್ಮ ಊರಿನಲ್ಲಿ ತೆಲುಗು ಪುಸ್ತಕ ಸಿಗುತ್ತದೆ, ಕನ್ನಡದ್ದು ಸಿಗುವುದಿಲ್ಲ. ಅಂಗಡಿಗೆ ಸಾಮಾನು ತರಲು ಬೆಂಗಳೂರಿನ ರೈಲು ಹತ್ತುತ್ತಿದ್ದೆನಲ್ಲ, ಬರುವಾಗ ಪೈಪಿನ ಜೊತೆಗೆ ಕಾದಂಬರಿಗಳೂ ಬರುತ್ತಿದ್ದವು. ಪ್ರತಿಯೊಂದೂ ಎರಡೆರಡು. ಹೊಸ ಪುಸ್ತಕದ ವಾಸನೆ ನನಗೆ ಮಲ್ಲಿಗೆಗಿಂತ ಹೆಚ್ಚು. ಓದಿದರೆ ಅದು ಹೋಗಿಬಿಡುತ್ತದೆ ಎನ್ನುವುದು ನನ್ನ ದೊಡ್ಡ ಸಂಕಟ.

"ಎರಡೆರಡು ಯಾಕ್ರೀ? ಎರಡ್ರಲ್ಲೂ ಒಂದೇ ಕತೆ ತಾನೆ?" ಎಂದಳು ನನ್ನ ಹೆಂಡತಿ ನಾಗರತ್ನ.

"ಒಂದು ಓದಕ್ಕೆ. ಇನ್ನೊಂದು ಹೊಸದಾಗಿ ಇರಕ್ಕೆ."

"ಹಂಗಾದ್ರೆ ನಂಗೂ ಎರಡೆರಡು ಸೀರೆ ತನ್ರೀ. ಒಂದು ಉಟ್ಕಳಕ್ಕೆ, ಇನ್ನೊಂದು ಹೊಸದಾಗಿ ಇರಕ್ಕೆ."

ಅವತ್ತಿನಿಂದ ಪುಸ್ತಕಗಳು ಹಿತ್ತಲ ಬಾಗಿಲಿನಿಂದ ಮನೆಗೆ ಬರತೊಡಗಿದವು!

ಹೊಸದಾಗಿ ಇರಬೇಕಾದ ಪುಸ್ತಕಗಳನ್ನು ರಾಗಿ ತುಂಬುವ ಒಂದು ತಗಡಿನ ಡ್ರಮ್ಮಿನಲ್ಲಿ ಇಟ್ಟಿದ್ದೆ. ಒಂದು ದಿನ ಮುಚ್ಚಳ ತೆಗೆದು ನೋಡಿದರೆ ಒಂದು ಪುಸ್ತಕದ ಅಂಚನ್ನು ಹುಳ ತಿಂದಿದೆ. ಎದೆ ಒಡೆದುಹೋಯಿತು. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ನಮ್ಮವ್ವ ತಲೆಯೆತ್ತದೇ ಹೇಳಿದಳು. "ಕಾಳಿಗೆ ಹುಳ ಬಿದ್ರೆ ಏನ್ ಮಾಡ್ತೀವಿ? ಒಂದಿಷ್ಟು ಬೇವಿನ ಸೊಪ್ಪು, ಎರಡು ಒಣಮೆಣಸಿನಕಾಯಿ ಹಾಕ್ತೀವಿ. ಪುಸ್ತಕಕ್ಕೇನು ಕೋಡು ಐತಾ? ಅದಕ್ಕೂ ಹಾಕು ಕಣ್ಲಾ."

ಅವ್ವ ಹೇಳಿದ್ದನ್ನು ಹೇಳಿದಷ್ಟೇ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನಾನು ಯೋಚನೆ ಮಾಡುವ ಮನುಷ್ಯ. ಇಡೀ ಮೆಣಸಿನಕಾಯಿಯೇ ಹುಳವನ್ನು ಓಡಿಸುವುದಾದರೆ, ಪುಡಿ ಮಾಡಿದರೆ ಇನ್ನೆಷ್ಟು ಓಡಿಸೀತು! ಅಡುಗೆಮನೆಗೆ ನುಗ್ಗಿ ಖಾರದ ಪುಡಿಯ ಡಬ್ಬಿ ತಂದೆ. ನಮ್ಮ ಮನೆಯ ಖಾರದ ಪುಡಿ ಎಂದರೆ ಸಾರಿಗೆ ಹಾಕಿದಾಗ ಪಕ್ಕದ ಮನೆಯವರು ಕೆಮ್ಮಬೇಕು, ಅಂಥದ್ದು. ಡ್ರಮ್ಮಿನಲ್ಲಿದ್ದ ಎಲ್ಲ ಪುಸ್ತಕಗಳ ಹಾಳೆಗಳ ನಡುವೆ ಧಾರಾಳವಾಗಿ ಉದುರಿಸಿ, ಮುಚ್ಚಳ ಬಿಗಿದು, ಮೇಲೆ ಒಂದು ಮೂಟೆ ಮೊಳೆ ಹೇರಿ ನಿಶ್ಚಿಂತನಾದೆ. ಡಬ್ಬಿ ಖಾಲಿಯಾದದ್ದಕ್ಕೆ ನಾಗರತ್ನ ಪಕ್ಕದ ಮನೆಯಾಕೆಯ ಮೇಲೆ ಅನುಮಾನಪಟ್ಟು ಮಾತು ಬಿಟ್ಟಳು. ನಾನು ಆ ಹೆಂಗಸರ ವ್ಯವಹಾರದಲ್ಲಿ ತಲೆ ಹಾಕಲಿಲ್ಲ.

ಹೀಗಿರುವಾಗ ಕಲ್ಯಾಣದುರ್ಗದಿಂದ ನಮ್ಮಕ್ಕನ ಫೋನು ಬಂತು. ಅವಳ ಮಗಳು ರೂಪಾಳನ್ನು ನೋಡಲು ರೊದ್ದಂ ಕಡೆಯವರು ಬರುತ್ತಾರೆ. ಹುಡುಗನ ಹೆಸರು ಮಹೇಶ. "ನೀನು ಸೋದರಮಾವ ಕಣಪ್ಪ, ನೀನಿಲ್ದೆ ಶಾಸ್ತ್ರ ಆಯ್ತದಾ? ನಾಗರತ್ನನ್ನ ಕರ್ಕೊಂಡು ಬಾ" ಎಂದಳು ಅಕ್ಕ. ಅಷ್ಟರಲ್ಲಿ ರೂಪ ಫೋನು ಕಿತ್ತುಕೊಂಡಳು. ದನಿ ಸಣ್ಣಗೆ ಮಾಡಿ, "ಮಾವಾ, ಈ ಹುಡುಗ್ನ ನಾನು ಒಂದು ಮದುವೇಲಿ ನೋಡಿದ್ದೆ. ಬಡಿಸ್ತಾ ಇದ್ದ. ಮುದುಕ್ರಿಗೆಲ್ಲ ಕೇಳಿ ಕೇಳಿ ಪಾಯಸ ಹಾಕ್ತಿದ್ದ. ನಂಗೆ ಇಷ್ಟ ಆಗವ್ನೆ. ಬೇರೆ ಯಾರೂ ಬ್ಯಾಡ. ನೀನು ಬಂದು ಏನೂ ಎಡವಟ್ಟು ಮಾಡ್ಬ್ಯಾಡ, ಸುಮ್ನೆ ಕೂತ್ಕಂಡು ಬೋಂಡ ತಿನ್ನು" ಎಂದಳು.

ನಾನು ಎತ್ತಿ ಆಡಿಸಿದ ಹುಡುಗಿ. ಅವಳ ಆಸೆ ಕೇಳಿ ನನ್ನ ಹೃದಯ ತುಂಬಿ ಬಂತು. ಸುಮ್ಮನೆ ಕೂರುವುದು ಹೇಗೆ? ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರವೆಂದರೆ ಹುಡುಗ ಬೋಂಡ ನೋಡುತ್ತಾನೆ, ಹುಡುಗಿ ನೆಲ ನೋಡುತ್ತಾಳೆ, ಅವರನ್ನು ಊರೆಲ್ಲ ನೋಡುತ್ತದೆ. ಪ್ರೇಮಕ್ಕೆ ಜಾಗವೆಲ್ಲಿದೆ? ಇಷ್ಟು ಕಾದಂಬರಿ ಓದಿದ ನಾನಿದ್ದೂ ನನ್ನ ಸೋದರ ಸೊಸೆಗೆ ಒಂದು ಒಳ್ಳೆಯ ಮೊದಲ ಭೇಟಿ ಆಗದಿದ್ದರೆ ಓದಿದ್ದೆಲ್ಲ ದಂಡ! ತಾಂಬೂಲದ ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಇಬ್ಬರಿಗೂ ಒಂದೊಂದು ಪ್ರೇಮಕಾದಂಬರಿ ಇಟ್ಟು ಕೊಡುವುದೆಂದು ತೀರ್ಮಾನಿಸಿದೆ. ಆಮೇಲೆ ಅವರೇ ಅದಲುಬದಲು ಮಾಡಿಕೊಳ್ಳುತ್ತಾರೆ, ಮಾತು ಬೆಳೆಯುತ್ತದೆ, ಪ್ರೇಮ ಮೊಳೆಯುತ್ತದೆ.

ಶುಭಕಾರ್ಯಕ್ಕೆ ಓದಿದ ಪುಸ್ತಕ ಕೊಡಲಾದೀತೇ? ಡ್ರಮ್ಮು ತೆರೆದು ಎರಡು ಹೊಸ ಪ್ರತಿ ತೆಗೆದೆ. ಖಾರದ ಪುಡಿಯನ್ನು ನಾನೇನೂ ಮರೆತಿರಲಿಲ್ಲ. ಬಿಸಿಲಿಗೆ ಹಿಡಿದು ಚೆನ್ನಾಗಿ ಕೊಡವಿದೆ. ಹೆಗಲ ಮೇಲಿನ ಟವೆಲ್ಲಿನಿಂದ ಒಳಗೂ ಹೊರಗೂ ಒರೆಸಿದೆ. ಮೂಗಿಗೆ ಹಿಡಿದು ಮೂಸಿದೆ. ಏನೂ ಘಾಟಿಲ್ಲ! ಆ ವಾರ ನನಗೆ ಜೋರು ನೆಗಡಿ ಆಗಿತ್ತು. ನನ್ನ ಮೂಗಿನ ಹತ್ತಿರ ಹುಣಸೆ ಮಂಡಿಯನ್ನೇ ತಂದಿಟ್ಟರೂ ಗೊತ್ತಾಗುತ್ತಿರಲಿಲ್ಲ. ಈ ಸಣ್ಣ ಅಂಶ ನನಗೆ ಹೊಳೆಯಲಿಲ್ಲ.

ಪುಸ್ತಕ ಚೀಲಕ್ಕೆ, ಟವೆಲ್ಲು ಹೆಗಲಿಗೆ. ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗ ಸೇರಿದೆವು.

ಹುಡುಗನ ಕಡೆಯವರು ಹೊತ್ತಿಗೆ ಸರಿಯಾಗಿ ಬಂದರು. ಮಹೇಶ, ಅವನ ತಂದೆ, ತಾಯಿ. ತಾಯಿ ದೊಡ್ಡ ಕುಂಕುಮದ ಗಟ್ಟಿಗಿತ್ತಿ. ತಂದೆಯ ಬಾಯಿಗೆ ಬೋಂಡ ಹೋಗುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಮಹೇಶ ನಿಜಕ್ಕೂ ಒಳ್ಳೆಯ ಹುಡುಗ, ಬಂದವನೇ ಹಿರಿಯರಿಗೆಲ್ಲ ನಮಸ್ಕಾರ ಮಾಡಿದ. ರೂಪ ಕಾಫಿ ತಂದು ಕೊಟ್ಟು ಚಾಪೆಯ ಮೇಲೆ ಕೂತಳು. ಎಲ್ಲ ನೆಟ್ಟಗೇ ನಡೆಯುತ್ತಿತ್ತು. ಅದನ್ನು ತಡೆದುಕೊಳ್ಳಲು ನನಗಾಗಲಿಲ್ಲ.

"ಸೋದರಮಾವನ ಕಡೆಯಿಂದ ಒಂದು ಸಣ್ಣ ಕಾಣಿಕೆ" ಎಂದು ಎದ್ದು ನಿಂತೆ. ರೂಪ ಕಣ್ಣಲ್ಲೇ ಬೇಡ ಬೇಡ ಎಂದಳು. ನಾನು ಅದನ್ನು ನಾಚಿಕೆ ಎಂದುಕೊಂಡೆ.

ಪುಸ್ತಕವೆಂದರೆ ನಮ್ಮಲ್ಲಿ ಸರಸ್ವತಿ. ಕಾಲು ತಗುಲಿದರೂ ಮುಟ್ಟಿ ನಮಸ್ಕಾರ ಮಾಡುವ ಜನ ನಾವು. ಅದರಲ್ಲೂ ತಾಂಬೂಲದ ತಟ್ಟೆಯಲ್ಲಿ ಬಂದ ಪುಸ್ತಕ! ಸಂಪನ್ನ ಹುಡುಗ ಮಹೇಶ ಎರಡೂ ಕೈಯಲ್ಲಿ ತೆಗೆದುಕೊಂಡು ಭಕ್ತಿಯಿಂದ ಬಲಗಣ್ಣಿಗೆ ಒತ್ತಿಕೊಂಡ. ಆಮೇಲೆ ಎಡಗಣ್ಣಿಗೆ ಒತ್ತಿಕೊಂಡ. ಹುಡುಗ ಮಾಡಿದನೆಂದು ರೂಪಾಳೂ ಹಾಗೇ ಮಾಡಿದಳು.

ಸಾಲದ್ದಕ್ಕೆ ನಾನು, "ಮಧ್ಯದ ಪುಟ ತೆಗೆದು ವಾಸನೆ ನೋಡಪ್ಪ, ಹೊಸ ಪುಸ್ತಕದ ವಾಸನೆ!" ಎಂದೆ. ಹಿರಿಯರ ಮಾತು ಮೀರುವ ಹುಡುಗನಲ್ಲ. ಮುಖವನ್ನು ಪೂರ್ತಿ ಪುಸ್ತಕದೊಳಗೆ ಇಟ್ಟು ಜೋರಾಗಿ ಉಸಿರೆಳೆದ.

ಅಷ್ಟೇ! ಮಹೇಶನ ಕಣ್ಣಿಂದ ಧಾರಾಕಾರ ನೀರು. ಈ ಕಡೆ ರೂಪಾಳ ಕಣ್ಣಿಂದಲೂ ಧಾರಾಕಾರ ನೀರು. ಇಬ್ಬರಿಗೂ ಗಂಟಲು ಕಟ್ಟಿ ಮಾತು ಹೊರಡುತ್ತಿಲ್ಲ.

ಮಗ ಅಳುವುದನ್ನು ಕಂಡು ಆ ತಾಯಿಗೆ ಕನ್ನಡವೇ ಮರೆತುಹೋಯಿತು. "ಏಮಾಯೆ ನಾಯನಾ? ಎಂದುಕು ಏಡುಸ್ತಾಂಡಾವು?" ಎಂದು, ಯಾಕೆ ಅಳುತ್ತಿದ್ದೀಯೆಂದು ತೆಲುಗಿನಲ್ಲೇ ಕೇಳುತ್ತ ಎದ್ದೇಬಿಟ್ಟಳು. ಆಮೇಲೆ ರೂಪಾಳ ಕಡೆ ತಿರುಗಿ, "ಅಯ್ಯೋ, ಹುಡುಗೀನೂ ಅಳ್ತಾ ಅವ್ಳಲ್ಲಾ! ಏನಮ್ಮಾ, ಇಷ್ಟ ಇಲ್ಲದ ಹುಡುಗೀನ ಬಲವಂತವಾಗಿ ಕೂರ್ಸಿದ್ದೀರಾ? ಅದ್ನ ನೋಡಿ ನನ್ನ ಮಗನ ಕರುಳು ಕಿತ್ತು ಬಂತು" ಎಂದಳು.

ನಮ್ಮಕ್ಕ ಬಿಡುವವಳೇ? "ನಮ್ಮ ಹುಡುಗಿ ನಗ್ತಾನೇ ಇದ್ಲು ಕಣಮ್ಮ. ನಿಮ್ಮ ಹುಡುಗನೇ ಮೊದ್ಲು ಅತ್ತಿದ್ದು! ಮನಸ್ನಾಗೆ ಬೇರೆ ಯಾರನ್ನೋ ಇಟ್ಕಂಡು ಇಲ್ಲಿಗೆ ಬಂದ್ಬುಟ್ಟವ್ನೇನೋ, ಕೇಳ್ನೋಡಿ!"

ಮಾತಿಗೆ ಮಾತು ಬೆಳೆಯಿತು. ಮಹೇಶ ಕೈಯಾಡಿಸಿ ಏನೋ ಹೇಳಲು ಹೋದರೆ ಸೀನಿನ ಮೇಲೆ ಸೀನು. ನನ್ನ ರೂಪಾಳ ಸಂಬಂಧ ನನ್ನ ಕಣ್ಣೆದುರೇ ಮುರಿಯುತ್ತಿದೆ! ಆಗಲೂ ನನಗೆ ಖಾರದ ಪುಡಿಯ ನೆನಪು ಬರಲಿಲ್ಲ. ಕಾದಂಬರಿಯ ಮೇಲಿನ ನನ್ನ ನಂಬಿಕೆ ಅಷ್ಟು ದೊಡ್ಡದು.

"ಗಾಬರಿ ಬೇಡ! ಈ ಕಾದಂಬರಿಯೇ ಅಂಥದ್ದು. ಮೃದು ಮನಸ್ಸಿನವರಿಗೆ ಪುಟ ತೆರೆದರೆ ಸಾಕು, ಕಣ್ಣು ತುಂಬುತ್ತದೆ. ಇಬ್ಬರದೂ ಒಂದೇ ಮನಸ್ಸು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?" ಎಂದು ಭಾಷಣ ಮಾಡಿ, ಹುಡುಗನ ಮೇಲೆ ಮಮತೆ ಉಕ್ಕಿ, ಹೆಗಲ ಮೇಲಿನ ಟವೆಲ್ಲು ತೆಗೆದು ನಾನೇ ಕೈಯಾರೆ ಅವನ ಕಣ್ಣೊರೆಸಿದೆ.

ಅದೇ ಟವೆಲ್ಲು. ಪುಸ್ತಕ ಒರೆಸಿದ್ದು!

"ಅಮ್ಮೋ!" ಎಂದು ಕೂಗಿದ ಮಹೇಶ, ಬಾಗಿಲು ಯಾವುದು ಗೋಡೆ ಯಾವುದು ತಿಳಿಯದೆ, ಗಣಪತಿ ಫೋಟೊಗೆ ಹಣೆ ಬಡಿದುಕೊಂಡ. ರೂಪ ತನ್ನ ಉರಿಯ ನಡುವೆಯೇ ಅವನ ಅಂಗಿಯ ತೋಳು ಹಿಡಿದು ಹಿತ್ತಲ ನಲ್ಲಿಯ ಕಡೆ ಎಳೆದುಕೊಂಡು ಓಡಿದಳು.

ಆಗ ನಾಗರತ್ನ ಕೆಳಗೆ ಬಿದ್ದ ಪುಸ್ತಕ ಎತ್ತಿದಳು. ಮೂಸಿದಳು. ಸೀನಿದಳು. ಆಮೇಲೆ ನನ್ನ ಕಡೆ ತಿರುಗಿದ ಆ ನೋಟವನ್ನು ಇವತ್ತಿಗೂ ಮರೆತಿಲ್ಲ.

"ಖಾರದ ಪುಡಿ! ನಮ್ಮನೇದೇ! ರೀ, ಆ ಡಬ್ಬಿ ಖಾಲಿ ಮಾಡಿದ್ದು ನೀವಾ? ಪಾಪ, ಪಕ್ಕದ್ಮನೆಯವಳ್ನ ಸುಮ್ಮಸುಮ್ನೆ ಎಷ್ಟು ಬೈಕಂಡೆ ನಾನು!"

ನಾನು ನಡೆದದ್ದನ್ನೆಲ್ಲ ಒಪ್ಪಿಸಿದೆ. ಹುಳ, ಡ್ರಮ್ಮು, ಅವ್ವ, ನೆಗಡಿ, ಯಾವುದನ್ನೂ ಮುಚ್ಚಿಡಲಿಲ್ಲ. ನಿಜ ಹೇಳಿದರೆ ಬಿಸಿ ಆರುತ್ತದೆ ಎಂದುಕೊಂಡಿದ್ದೆ. ಹುಡುಗನ ತಾಯಿಗೆ ಮಾತ್ರ ನನ್ನ ವಿಜ್ಞಾನದ ಮೇಲೆ ನಂಬಿಕೆ ಬರಲಿಲ್ಲ.

"ಪುಸ್ತಕಕ್ಕೆ ಯಾರಾದ್ರೂ ಖಾರ ಹಾಕ್ತಾರೇನಯ್ಯಾ? ನಂಗೆಲ್ಲ ಗೊತ್ತಾಯ್ತು ಬಿಡು! ಸೋದರಮಾವ ಅಲ್ವಾ, ಹಕ್ಕಿನ ಹುಡುಗಿ. ಹೊರಗೆ ಕೊಡಕ್ಕೆ ಮನಸ್ಸಿಲ್ಲ, ನಿನ್ನ ಮಗನಿಗೇ ತಂದ್ಕೋಬೇಕು ಅಂತ ಈ ಉಪಾಯ ಮಾಡಿದ್ಯಾ?"

ನನ್ನ ಮಗ ಆಗ ಆರನೇ ಕ್ಲಾಸು!

ನಾಗರತ್ನ ಅದನ್ನು ಹೇಳಿ ನಕ್ಕಳು. ಅಕ್ಕ ನಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು, "ಒಳ್ಳೇ ಸಂಬಂಧ ಕಣೋ ಗೋಪಾಲ. ನನ್ನ ಮಗಳು ಆಸೆ ಇಟ್ಕಂಡಿದ್ಲು. ಗಣಪತಿ ಮಾಡಕ್ಕೋಗಿ ಅವರಪ್ಪನ್ನ ಮಾಡ್ಬುಟ್ಯಲ್ಲೋ" ಎಂದಳು. ಆ ಮಾತಿಗೆ ನನ್ನ ಕಣ್ಣಲ್ಲೂ ನೀರು ಬಂತು. ಖಾರದ್ದಲ್ಲ, ನನ್ನದೇ. ಒರೆಸಿಕೊಳ್ಳಲು ಟವೆಲ್ಲಿಗೆ ಕೈ ಹಾಕಿದೆ. ಆಮೇಲೆ ಖಾರದ್ದೂ ಬಂತು!

ಹುಡುಗನ ತಂದೆ ಕೊನೆಯ ಬೋಂಡ ನುಂಗಿ, ಅಂದಿನ ಮೊದಲ ಮಾತಾಡಿದರು. "ನಡಿ, ಹೋಗಾನ."

ಹೊರಡಲು ಮಗ ಬೇಕಲ್ಲ? ಮಗ ಹಿತ್ತಲಲ್ಲಿದ್ದ. ಕರೆದರೂ ಬರಲಿಲ್ಲ. ಕರೆಯಲು ಹೋದ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಅಲ್ಲಿಂದ ನಗುವಿನ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಇಬ್ಬರೂ ಒಳಗೆ ಬಂದರು. ಮೂಗು ಕೆಂಪು, ಕಣ್ಣು ಊದಿ ಬೋಂಡದಂತಾಗಿತ್ತು. ಮಹೇಶನ ಹಣೆಯಲ್ಲಿ ಗಣಪತಿ ಫೋಟೊ ಕೊಟ್ಟ ಬುಗುಟು. ಅವನು ಅಂದಾಜಿನ ಮೇಲೆ ತಾಯಿಯ ಕಡೆ ಮುಖ ಮಾಡಿ, "ಅಮ್ಮಾ, ನಂಗೆ ಹುಡುಗಿ ಒಪ್ಪಿಗೆ" ಎಂದ.

"ಕಣ್ಣೇ ಕಾಣಾಕಿಲ್ಲ, ಅದೇನು ನೋಡಿ ಒಪ್ಕಂಡ್ಯೋ?" ಎಂದಳು ತಾಯಿ.

"ತೋಳು ಹಿಡಿದು ನಲ್ಲಿಗೆ ಕರ್ಕಂಡು ಹೋದ್ಲು. ತನ್ನ ಕಣ್ಣು ಉರೀತಿದ್ರೂ ಮೊದ್ಲು ನಂಗೆ ನೀರು ಹಾಕಿದ್ಲು. ಇನ್ನೇನಮ್ಮ ನೋಡ್ಬೇಕು?"

ತಾಯಿ ರೂಪಾಳ ಹತ್ತಿರ ಹೋಗಿ, ಊದಿದ ಆ ಮುಖವನ್ನು ಹಿಡಿದು ತನ್ನ ಸೆರಗಿನಿಂದಲೇ ಒರೆಸಿದಳು. ಒಂದು ಷರತ್ತು ಮಾತ್ರ ಹಾಕಿದಳು: ಮದುವೆಯಲ್ಲಿ ಸೋದರಮಾವ ತನ್ನ ಶಾಸ್ತ್ರ ಮಾಡಲಿ, ಅಡುಗೆಮನೆಯ ಕಡೆ ಸುಳಿಯಕೂಡದು. ಹಾಗೇ ಆಯಿತು. ಮದುವೆ ನಡೆಯಿತು.

ನನಗೆ ಮಾತ್ರ ಒಳಗೊಳಗೇ ಹೆಮ್ಮೆ. ಬೈದವರು ಬೈಯಲಿ, ಪ್ರೇಮ ಹುಟ್ಟಿಸಿದ್ದು ನನ್ನ ಕಾದಂಬರಿಯೇ ತಾನೆ? ಮೊದಲ ಹಬ್ಬಕ್ಕೆ ರೂಪ ತವರಿಗೆ ಬಂದಾಗ ನೋಡಲು ಹೋದೆ. ಯಾರೂ ಇಲ್ಲದ ಹೊತ್ತು ನೋಡಿ ಕೇಳಿಯೇಬಿಟ್ಟೆ.

"ಅಲ್ಲಮ್ಮ, ಆವತ್ತು ನಲ್ಲಿ ಹತ್ರ ಇಬ್ರೂ ಏನು ಮಾತಾಡಿದ್ರಿ? ಪುಸ್ತಕದ ಯಾವ ಪುಟ ಮನಸ್ಸಿಗೆ ಹಿಡಿಸ್ತು ಅಂತಾನಾ?"

"ಯಾವ ಪುಟ ಮಾವಾ? ಕಣ್ಣೇ ಬಿಡಕ್ಕಾಗ್ತಿರ್ಲಿಲ್ಲ."

"ಮತ್ತೆ ಅವನು ಆಡಿದ ಮೊದಲ ಮಾತು ಏನು? ನಂಗೆ ಹೇಳು, ಯಾರಿಗೂ ಹೇಳಲ್ಲ."

ರೂಪ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಮುಖ ಕೆಂಪಾಯಿತು. ಕಾದಂಬರಿಯ ಹುಡುಗಿಯರು ಥೇಟ್ ಹೀಗೇ ಮಾಡುತ್ತಾರೆ! ನಾನು ಉಸಿರು ಬಿಗಿಹಿಡಿದು ಕಾದೆ.

"'ನಿಮ್ಮ ಮಾವ ಮೊದ್ಲಿಂದ್ಲೂ ಹಿಂಗೇನಾ?' ಅಂದ್ರು."

"ಅದಕ್ಕೆ ನೀನು?"

"'ಹೂಂ' ಅಂದೆ ಮಾವಾ. ಇಬ್ರಿಗೂ ನಗು ತಡೀಲಿಲ್ಲ. ಆಮೇಲೆ ನಿನ್ನ ಒಂದೊಂದೇ ಕತೆ ಹೇಳ್ತಾ ಹೋದೆ. ಇವತ್ತಿಗೂ ಮುಗಿದಿಲ್ಲ."