ಹಡೆದವ್ವನಿಗೂ ಟಿಕೆಟ್ ಹರಿದವರು

ನಮ್ಮ ಭಾವನವರು, ಅಂದರೆ ನನ್ನ ಯಜಮಾನರ ಅಣ್ಣ, ಹಡೆದ ತಾಯಿಗೂ ಟಿಕೆಟ್ ಹರಿದ ಮನುಷ್ಯ. ಸುಳ್ಳಲ್ಲ, ಎಲ್ಲವ್ವನ ಆಣೆ! ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದಾಗ ಒಂದು ದಿನ ಸಿರಸಂಗಿಯಲ್ಲಿ ನಮ್ಮ ಅತ್ತೆಯವರು ಅವರ ಬಸ್ಸನ್ನೇ ಹತ್ತಿದರಂತೆ. ಇವರು ಮುಂದೆ ಹೋಗಿ ನಿಂತು "ಟಿಕೆಟ್ ರೀ" ಅಂದರಂತೆ. ಅತ್ತೆಯವರು ಬಿಡುವವರೇ? ಬಸ್ಸಿಗೆಲ್ಲ ಕೇಳುವಂತೆ, "ಒಂಬತ್ತು ತಿಂಗಳು ನಿನ್ನ ಪುಕ್ಕಟ ಹೊತ್ತೇನಲ್ಲೋ, ನನ್ನ ಸವದತ್ತಿ ತನಕ ಹೊರಾಕ ಆಗೂದಿಲ್ಲೇನು?" ಎಂದು ಕೇಳಿದರು. ಭಾವನವರು ಕಿವಿಯ ಮೇಲಿನ ಪೆನ್ಸಿಲ್ ತೆಗೆಯುತ್ತ, "ಆವಾಗ ಚೆಕಿಂಗ್ ಇದ್ದಿಲ್ಲಬೇ" ಅಂದರಂತೆ.

ಇಂಥವರಿಗೆ ಹದಿನೇಳು ವರ್ಷ ರೊಟ್ಟಿ ಬಡಿದು ಹಾಕಿದ್ದೇನೆ. ದೇವರು ನನಗೆ ತಾಳ್ಮೆ ಕೊಟ್ಟನೋ, ತಾಳ್ಮೆ ಕಲಿಯಲಿ ಎಂದು ಇವರನ್ನೇ ಕೊಟ್ಟನೋ, ಇಂದಿಗೂ ತಿಳಿದಿಲ್ಲ!

ತೊಂಬತ್ತರ ದಶಕದ ಆರಂಭದಲ್ಲಿ ಅವರು ನಿವೃತ್ತರಾದರು. ಹೆಂಡತಿ ಆಗಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಂದು ಟ್ರಂಕು, ನಿವೃತ್ತಿಯ ಗಂಟು, ಒಂದು ಅಡಕತ್ತು ಹಿಡಿದುಕೊಂಡು ಬೈಲಹೊಂಗಲದ ನಮ್ಮ ಮನೆಗೆ ಬಂದರು. ಆ ಗಂಟನ್ನು ಎಲ್ಲಿಡಬೇಕು? ಒಳ್ಳೆಯ ಮನುಷ್ಯನಾದರೆ ಮನೆಯ ಎದುರಿಗಿನ ಬ್ಯಾಂಕಿನಲ್ಲಿಟ್ಟು ಸುಮ್ಮನಿರುತ್ತಾನೆ. ಇವರು ನಾಲ್ಕು ಭಾಗ ಮಾಡಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ನಾಲ್ಕು ಊರಲ್ಲಿ ಠೇವಣಿ ಇಟ್ಟರು.

"ಜ್ವಾಳಾ ಎಲ್ಲಾ ಒಂದ ಹಗೇವಿನ್ಯಾಗ ಹಾಕಬಾರ್ದು ತಂಗಿ. ಹುಳಾ ಬಿತ್ತಂದ್ರ ಎಲ್ಲಾ ಹೋಗ್ತೈತಿ" ಎಂದು ನನಗೇ ಬುದ್ಧಿ ಹೇಳಿದರು.

"ನಾಕೂ ಊರಾಗ ಬಡ್ಡಿ ಒಂದ ಅಲ್ಲೇನ್ರಿ ಭಾವನೋರ?"

"ಬಡ್ಡಿ ಒಂದ. ಊರು ಬ್ಯಾರೆ! ಮಲಪ್ರಭಾ ಬಂದ್ರ ರಾಮದುರ್ಗದ ರೊಕ್ಕ ತೊಯ್ತೈತಿ ಅನ್ಕೋ, ಸವದತ್ತೀದು ಗುಡ್ಡದ ಮ್ಯಾಲೈತಿ."

ರೊಕ್ಕ ಬ್ಯಾಂಕಿನಲ್ಲಿ ತೊಯ್ಯುತ್ತದೆಯೇ ಎಂದು ನಾನು ಕೇಳಲಿಲ್ಲ. ಒಲೆಯ ಮೇಲೆ ಹಾಲಿತ್ತು.

ಮೂರು ತಿಂಗಳಿಗೊಮ್ಮೆ ನಾಲ್ಕೂ ಊರಿನ ಬಡ್ಡಿ ತರಲು ಅವರ ಸವಾರಿ ಹೊರಡುತ್ತಿತ್ತು. ನಿವೃತ್ತರಾದವರಿಗೆ ಕೊಡುವ ಬಸ್ ಪಾಸ್ ಇತ್ತಲ್ಲ! ನಸುಕಿನಲ್ಲೆದ್ದು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾಚಟ್ನಿಯ ಗಂಟು ಕಟ್ಟಿಕೊಡುವವಳು ಯಾರು? ನಾನು. ರೊಟ್ಟಿಯ ಖರ್ಚು ಕಳೆದರೆ ಬಡ್ಡಿಯಲ್ಲಿ ಏನು ಉಳಿಯುತ್ತಿತ್ತೋ ಶಿವನೇ ಬಲ್ಲ.

ಇಷ್ಟೇ ಆಗಿದ್ದರೆ ಅವರ ದುಡ್ಡು, ಅವರ ಕಾಲು ಎಂದು ಬಿಡುತ್ತಿದ್ದೆ. ಅವರ ಕಣ್ಣು ನನ್ನ ಮೇಲೂ ಬಿತ್ತು. ನಮ್ಮ ಯಜಮಾನರದು ಹಿಟ್ಟಿನ ಗಿರಣಿ. ಗಿರಣಿ ತಿರುಗಿದರೆ ಊಟ, ನಿಂತರೆ ಉಪವಾಸ. ಪಿಂಚಣಿ ಎನ್ನುವುದು ನಮ್ಮ ಹಣೆಯಲ್ಲಿ ಬರೆದದ್ದಲ್ಲ. ಮುಪ್ಪಿನಲ್ಲಿ ಮತ್ತೊಬ್ಬರ ಮುಂದೆ ಸೆರಗೊಡ್ಡುವಂತೆ ಮಾಡಬೇಡ ತಾಯಿ ಎಂದು ನಾನು ಪ್ರತಿ ಹುಣ್ಣಿಮೆಗೆ ಎಲ್ಲವ್ವನಲ್ಲಿ ಬೇಡುತ್ತಿದ್ದೆ. ಬೇರೇನನ್ನೂ ಬೇಡಿದವಳಲ್ಲ. ಅದನ್ನು ಎಲ್ಲಿಂದ ಕೇಳಿಸಿಕೊಂಡರೋ, ಒಂದು ದಿನ ನನ್ನನ್ನು ಪೋಸ್ಟ್ ಆಫೀಸಿಗೆ ಕರೆದುಕೊಂಡು ಹೋಗಿ ನನ್ನ ಹೆಸರಲ್ಲೇ ಪಿ.ಪಿ.ಎಫ್. ಖಾತೆ ತೆರೆಸಿದರು. ತಿಂಗಳಿಗೆ ನೂರು ರೂಪಾಯಿಯಂತೆ ಹದಿನೈದು ವರ್ಷ ಕಟ್ಟಿದರೆ ಬಡ್ಡಿಯ ಮೇಲೆ ಬಡ್ಡಿ ಸೇರಿ ಕೈಗೆ ಬರುತ್ತದಂತೆ. ತಿಂಗಳು ತಪ್ಪಿದರೆ ಖಾತೆ ಸಾಯುವುದಿಲ್ಲ, ಗಂಟು ಸೊರಗುತ್ತದೆ. ಹದಿನೈದು ವರ್ಷ! ಅಷ್ಟರಲ್ಲಿ ನಾನೇ ಇರುತ್ತೇನೋ ಇಲ್ಲವೋ!

ಅಂದಿನಿಂದ ಶುರುವಾಯಿತು ನನ್ನ ಪಾಡು. ಪ್ರತಿ ತಿಂಗಳ ಒಂದನೇ ತಾರೀಖು, ನಾನು ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಏಳುವುದರೊಳಗೆ ಅಡುಗೆಮನೆಯ ಹೊಸ್ತಿಲಾಚೆ ಅಡಕತ್ತಿನಿಂದ ಚೌಕಟ್ಟಿಗೆ ಟಕಟಕ ಸದ್ದು.

"ಟಿಕೆಟ್... ಟಿಕೆಟ್..."

ಸಾಸಿವೆ ಡಬ್ಬಿಯಿಂದ ನೂರು ರೂಪಾಯಿ ತೆಗೆದುಕೊಡಬೇಕು. ಅವರು ಗೋಡೆಯ ಕ್ಯಾಲೆಂಡರಿನಿಂದ ಹಿಂದಿನ ದಿನದ ಹಾಳೆ ಹರಿದು, ಬೆನ್ನಿಗೆ ಸಹಿ ಹಾಕಿ ರಸೀದಿಯೆಂದು ಕೊಡುವರು. ಪಾಸ್ ಬುಕ್ ಮಾತ್ರ ಅವರ ಟ್ರಂಕಿನಲ್ಲೇ. ತೋರಿಸಿರೆಂದರೆ, "ಕಂಡಕ್ಟರ್ ಲೆಕ್ಕದ ಹಾಳಿ ಪ್ಯಾಸೆಂಜರ್ ನೋಡಾಂಗಿಲ್ಲ" ಎಂಬ ಉತ್ತರ. ನಾನು ರಸೀದಿಗಳನ್ನು ದೇವರ ಜಗಲಿಯ ಕೆಳಗೆ ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಇಡುತ್ತ ಹೋದೆ. ಮನುಷ್ಯರನ್ನು ನಂಬಬೇಕು, ಆದರೆ ಡಬ್ಬಿಯೂ ಇರಬೇಕು.

ಮೂರನೆಯ ವರ್ಷವಿರಬೇಕು, ಊರಿಗೆ ಸಾಗವಾನಿಯ ಹುಚ್ಚು ಹಿಡಿಯಿತು. ಯಾವುದೋ ಕಂಪನಿಯಂತೆ. ನೀವು ಸಾವಿರ ಸಾವಿರ ಕೊಟ್ಟು ಗಿಡ ಕೊಳ್ಳುವುದು, ಅವರು ನೀರು ಹಾಕಿ ಬೆಳೆಸುವುದು, ಇಪ್ಪತ್ತು ವರ್ಷಕ್ಕೆ ನೀವು ಲಕ್ಷಾಧೀಶರು! ಆ ಬಿಸಿಲಿನಲ್ಲಿ ಕೊರಳಿಗೆ ಟೈ ಬಿಗಿದುಕೊಂಡು ಬಂದ ಏಜೆಂಟನನ್ನು ನೋಡಿ ನನಗೆ ಕನಿಕರವೇ ಬಂತು. ಪಕ್ಕದ ಮನೆಯ ಲಾರಿ ಡ್ರೈವರರ ಹೆಂಡತಿ ಫಾತಿಮಾ ಕಂಪೌಂಡಿನ ಮೇಲಿಂದ ಇಣುಕಿ, "ಅಕ್ಕಾರ, ನಾ ಎರಡ ಗಿಡ ಹಿಡದೇನ್ರಿ. ನೀವೂ ಹಿಡೀರಿ. ಮುಪ್ಪಿಗೆ ಇಬ್ರೂ ಅವುಗಳ ನೆರಳಾಗ ಕುಂದ್ರೂಣು" ಅಂದಳು. ನನಗೂ ಆಸೆಯಾಯಿತು. ಪೋಸ್ಟಿಗೆ ಕಟ್ಟುವ ನೂರನ್ನು ಇತ್ತ ತಿರುಗಿಸಿದರೆ ಹೇಗೆ ಎಂದು ಭಾವನವರನ್ನು ಕೇಳಿದೆ.

"ಬಸ್ಸು ಓಡುವಾಗ ಇಳದ್ರ ಹಲ್ಲು ಮುರೀತಾವ" ಎಂದು ಗದರಿಸಿಬಿಟ್ಟರು. ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಮೂರನೆಯ ದಿನ ಗೊತ್ತಾಯಿತು, ನನಗೆ ಬೇಡವೆಂದವರು ತಾವು ಐದು ಗಿಡ ಕೊಂಡಿದ್ದರು! ಕಿತ್ತೂರಿನ ಠೇವಣಿ ಮುರಿಸಿ! "ಐದನೇ ಹಗೇವು" ಅಂದರು ನಗುತ್ತ. ಕಂಪನಿ ಕೊಟ್ಟ ಸರ್ಟಿಫಿಕೇಟಿಗೆ ಬಡಿಗೇರನ ಕೈಯಿಂದ ಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕಿದರು. ಎರಡು ವರ್ಷ ಕಳೆದ ಮೇಲೆ, ಗಿಡ ಎಷ್ಟೆತ್ತರ ಬಂದಿವೆ ನೋಡಿ ಬರುತ್ತೇನೆಂದು ಗಜಕಡ್ಡಿ ಹಿಡಿದುಕೊಂಡು ಹೋದರು. ಸಂಜೆಗೆ ಬಂದರು, ಅಂಗಿಯ ತುಂಬ ಜಾಲಿಮುಳ್ಳು.

"ಗಿಡ ಹೆಂಗದಾವ್ರಿ?" ಎಂದು ಫಾತಿಮಾ ಓಡಿಬಂದಳು.

"ಗಿಡ ಅದಾವವಾ, ಜಾಲಿಗಿಡ. ಆಫೀಸಿಗೆ ಕೀಲಿ ಬಿದ್ದೈತಿ. ಟೈ ಕಟ್ಟಿದಾವ ಟೈ ಬಿಚ್ಚಿ ಓಡಿಹೋಗ್ಯಾನ."

ಫಾತಿಮಾ ಅಲ್ಲಿಯೇ ಕಟ್ಟೆಯ ಮೇಲೆ ಕುಸಿದಳು. ನಾನು ಒಳಗೆ ಹೋಗಿ ದೇವರ ಜಗಲಿಗೆ ತಲೆಯಿಟ್ಟೆ, ನನ್ನ ನೂರುಗಳು ಉಳಿದವಲ್ಲ ಎಂದು. ಬಾಗಿಲ ಮೇಲೆ ಸರ್ಟಿಫಿಕೇಟು ಇನ್ನೂ ತೂಗುತ್ತಿತ್ತು. ಭಾವನವರ ಪಾಲಿಗೆ ಬಂದ ಖರೇ ಸಾಗವಾನಿ ಅಂದರೆ ಅದಕ್ಕೆ ಹಾಕಿಸಿದ ಕಟ್ಟು ಒಂದೇ!

ಆದರೆ ನನ್ನ ಬಸ್ಸೂ ಸುಖವಾಗಿ ಸಾಗಲಿಲ್ಲ. ಒಂದು ವರ್ಷ ಗಿರಣಿಯ ಮೋಟಾರು ಸುಟ್ಟಿತು. ಸಾಸಿವೆ ಡಬ್ಬಿಯಲ್ಲಿ ಸಾಸಿವೆಯೂ ಇರಲಿಲ್ಲ. ಒಂದನೇ ತಾರೀಖು ಅಡಕತ್ತು ಟಕಟಕ ಎಂದಿತು.

"ಈ ತಿಂಗಳ ಇಲ್ರೀ ಭಾವನೋರ."

"ಹಂಗಾರ ಇಳೀರಿ!" ಎಂದವರೇ ಹೊರಟುಹೋದರು.

ಒಂದು ಸಮಾಧಾನದ ಮಾತಿಲ್ಲ! ಹಾಗೆ ಮೂರು ತಿಂಗಳು. ಮುಂದೆ ಕೆಲವು ವರ್ಷಕ್ಕೆ ಯಜಮಾನರ ಹೊಟ್ಟೆಯ ಆಪರೇಶನ್ ಆಯಿತು, ಆಗ ಎಂಟು ತಿಂಗಳು. ಎಂಟು ತಿಂಗಳೂ ಅದೇ ಟಕಟಕ, ಅದೇ "ಇಳೀರಿ". ಸಾಲದ್ದಕ್ಕೆ ಆ ದಿನಗಳಲ್ಲಿ ಅವರ ಪಿತ್ತ ಬೇರೆ. ವಾರ ತಪ್ಪದೆ ಸಂತೆಯಲ್ಲಿ ಮಿರ್ಚಿ ಭಜಿ, ಚಹಾ ಮುಗಿಸಿ ಬರುತ್ತಿದ್ದವರು, "ಪಿತ್ತ ಆಗೈತಿ, ಕರದದ್ದು ಒಲ್ಲೆ" ಎನ್ನುತ್ತ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದರು. ರೋಗಿಯೊಬ್ಬರು ಒಳಗೆ, ಪಿತ್ತದವರೊಬ್ಬರು ಹೊರಗೆ. ಬಡಿದೂ ಬಡಿದೂ ನನ್ನ ರಟ್ಟೆ ಸೋತವು. ಆ ಎಂಟು ತಿಂಗಳಲ್ಲಿ ಅವರನ್ನು ಮನಸ್ಸಿನಲ್ಲೇ ಎಷ್ಟು ಸಲ ಬೈದೆನೋ, ಎಲ್ಲವ್ವ ಲೆಕ್ಕ ಇಟ್ಟಿದ್ದರೆ ನನಗೆ ಉಳಿಗಾಲವಿಲ್ಲ.

ಅಂತೂ ಅವಧಿ ಮುಗಿಯಿತು. ಭಾವನವರು ಟ್ರಂಕಿನಿಂದ ಪಾಸ್ ಬುಕ್ ತೆಗೆದು, "ಹೋಗಿ ತಗೊಂಡ ಬಾ. ಕಡೀ ಸ್ಟಾಪ್ ಬಂತು" ಎಂದು ನನ್ನ ಕೈಗಿತ್ತರು. ಸೊರಗಿದ ಗಂಟಾದರೂ ಗಂಟೇ ಎಂದುಕೊಂಡು ಹೋದೆ.

ಪೋಸ್ಟ್ ಆಫೀಸಿನ ಹುಡುಗಿ ಹಾಳೆ ತಿರುವುತ್ತ, "ಭಾಳ ಶಿಸ್ತು ನೋಡ್ರಿ ಅಕ್ಕಾರ ನಿಮ್ದು. ಒಂದ ತಿಂಗಳಾನೂ ತಪ್ಪಿಲ್ಲ" ಅಂದಳು.

"ತಪ್ಪೇತವಾ. ಚಲೋತ್ನಂಗ ನೋಡು" ಅಂದೆ.

ಅವಳು ಪುಸ್ತಕವನ್ನು ನನ್ನತ್ತ ತಿರುಗಿಸಿದಳು. ಮೋಟಾರು ಸುಟ್ಟ ವರ್ಷ, ನೂರು, ನೂರು, ನೂರು. ಆಪರೇಶನ್ನಿನ ವರ್ಷ, ಎಂಟು ನೂರುಗಳು, ಒಂದರ ಕೆಳಗೊಂದು, ಠಸ್ಸೆ ಸಮೇತ.

ಮನೆಗೆ ಬಂದವಳೇ ಬಿಸ್ಕಿಟ್ ಡಬ್ಬಿ ಸುರುವಿ ಎಣಿಸಿದೆ. ರಸೀದಿಗಳು ಹನ್ನೊಂದು ಕಡಿಮೆಯೇ ಇದ್ದವು. ಭಾವನವರು ಪಡಸಾಲೆಯಲ್ಲಿ ಅಡಕೆ ಕತ್ತರಿಸುತ್ತ ಕುಳಿತಿದ್ದರು. ಸೆರಗು ತಲೆಯ ಮೇಲೆಳೆದುಕೊಂಡು ಹೊಸ್ತಿಲಲ್ಲಿ ನಿಂತೆ.

"ಭಾವನೋರ, ಹನ್ನೊಂದು ತಿಂಗಳ ನಾ ಪುಕ್ಕಟ ಬಂದೇನಿ. ಹಡದಾಕಿಗೆ ಬಿಡಲಿಲ್ಲ ನೀವು. ನನಗ್ಯಾಕ ಬಿಟ್ರಿ?"

ಅವರು ತಲೆಯೆತ್ತಲಿಲ್ಲ. ಇನ್ನೊಂದು ಅಡಕೆ ಕೈಗೆತ್ತಿಕೊಂಡರು.

"ಚೆಕಿಂಗ್ ಬಂದಿದ್ದಿಲ್ಲ ಬಿಡ ತಂಗಿ."

ನಾನು ಒಳಗೆ ಬಂದು ಒಲೆಯ ಮೇಲೆ ಎಣ್ಣೆ ಇಟ್ಟೆ. ಸಂತೆಯ ಭಜಿಯ ಹದಕ್ಕೇ ಕಡ್ಲಿಹಿಟ್ಟು ಕಲಸಿ, ಬುಟ್ಟಿಯಿಂದ ಹಸಿಮೆಣಸಿನಕಾಯಿ ಆರಿಸಿಕೊಂಡು ಒಂದೊಂದಾಗಿ ಸೀಳಿದೆ. ಹನ್ನೊಂದು.