ಒಂದು ಲೋಟ ಮೈದಾದ ತೂಕ

ಬೇಕರಿಯ ಅಡುಗೆಕೋಣೆಯಲ್ಲಿದ್ದ ತಕ್ಕಡಿಯನ್ನು ಯಜಮಾನರು ಬೆಳಿಗ್ಗೆ ಕೌಂಟರಿಗೆ ಹೊತ್ತುಕೊಂಡು ಹೋದರು. ಅಲ್ಲಿಯದು ಕೆಟ್ಟಿತ್ತು. ವ್ಯಾಪಾರದ ಹೊತ್ತಲ್ಲಿ ಯಾರೂ ಇದನ್ನು ಕೇಳಿಕೊಂಡು ಬರಬಾರದು ಎಂದರು. ಇವತ್ತಿನ ಕೇಕು ಕೆಟ್ಟರೆ ಭಟ್ಟಿಯಣ್ಣನಿಗೆ ನಾಳೆ ರಜೆ ಇಲ್ಲ ಎಂದೂ ಹೇಳಿ ಹೋದರು.

ಭಟ್ಟಿ ನೋಡಿಕೊಳ್ಳುವ ಭಟ್ಟಿಯಣ್ಣನಿಗೆ ಆ ರಜೆ ಬೇಕೇ ಬೇಕಿತ್ತು. ನಾಳೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ. ಮಾತಿಲ್ಲ, ಅಲ್ಲಾಡುವಂತೆಯೂ ಇಲ್ಲ. ಆದರೂ ಹುಡುಗಿ ವಾರದಿಂದ ಮನೆಯ ನಡುವೆ ಕೈ ಎತ್ತಿಕೊಂಡು ನಿಂತೇ ಇದ್ದಳು. ಅಪ್ಪ ಬರದಿದ್ದರೆ ಎಲೆಯೆಲ್ಲ ಉದುರಿಸಿಬಿಡುತ್ತೇನೆ ಎಂದು ಹೆದರಿಸಿದ್ದಳು.

ಕೇಕಿಗೆ ಬೇಕಾದದ್ದು ಅರ್ಧ ಕಿಲೋ ಮೈದಾ, ಅಷ್ಟೇ ಸಕ್ಕರೆ, ಅಷ್ಟೇ ಬೆಣ್ಣೆ. ಬೆಣ್ಣೆ ಅರ್ಧ ಕಿಲೋ ಕಟ್ಟಿನಲ್ಲೇ ಬರುತ್ತಿತ್ತು, ಬಚಾವಾದ. ಮಿಕ್ಕ ಎರಡಕ್ಕೂ ಇದ್ದದ್ದು ಚಹಾ ಕುಡಿಯಲು ಅವನು ಮನೆಯಿಂದ ತಂದಿದ್ದ ಸೊಟ್ಟ ಸ್ಟೀಲ್ ಲೋಟ.

“ಅಕ್ಕಾ, ಈ ಲೋಟಕ್ಕೆ ಎಷ್ಟು ಗ್ರಾಂ ಹಿಡಿಯುತ್ತೆ?” ಎಂದು ಬಿಸ್ಕತ್ತು ಮಾಡುವ ಅಕ್ಕನನ್ನು ಕೇಳಿದ.

“ಏನು ತುಂಬ್ತೀಯ ಅನ್ನೋದರ ಮೇಲೆ ಹೋಗುತ್ತೆ ಕಣಪ್ಪ. ಸಕ್ಕರೆ ತೆಪ್ಪಗೆ ಕೂರುತ್ತೆ. ಮೈದಾ ಹೊಸ ಅಳಿಯನ ಹಾಗೆ ಉಬ್ಬಿಕೊಂಡು ಕೂರುತ್ತೆ, ಕುಟ್ಟಿದರೇ ಇಳಿಯೋದು.”

ಅಕ್ಕ ಲೋಟವನ್ನು ಮೇಜಿಗೆ ಕುಟ್ಟಿ ಕುಟ್ಟಿ ತುಂಬಿದಳು. ಸದ್ದಿಗೆ ಕೌಂಟರಿನಿಂದ ಯಜಮಾನರ ಭಾವಮೈದ ಒಳಗೆ ಬಂದ.

“ಹಿಟ್ಟಿನ ಮೇಲೆ ಏನಕ್ಕಾ ಇಷ್ಟು ಸಿಟ್ಟು? ಜರಡಿ ಹಿಡಿದು ಹಗುರವಾಗಿ ತುಂಬಬೇಕು.”

ಅವನು ಜರಡಿ ಹಿಡಿದಾಗ ಅದೇ ಹಿಟ್ಟು ಒಂದೂವರೆ ಲೋಟವಾಯಿತು. ಕಿಟಕಿಯಿಂದ ಇಣುಕಿದ ಪಕ್ಕದ ಅಂಗಡಿಯ ದರ್ಜಿ, “ಎಷ್ಟು ಎತ್ತರ ಬೇಕು ಹೇಳಿ, ಟೇಪಲ್ಲಿ ಅಳೆದು ಕೊಡ್ತೀನಿ” ಎಂದ. ಅವನೇ ಇನ್ನೊಂದು ಉಪಾಯವನ್ನೂ ಕೊಟ್ಟ: ಹತ್ತು ಲೋಟ ಮೈದಾವನ್ನು ಚೀಲಕ್ಕೆ ಹಾಕಿ, ಔಷಧಿ ಅಂಗಡಿಯಲ್ಲಿ ಜನ ತೂಕ ನೋಡಿಕೊಳ್ಳುವ ಯಂತ್ರದ ಮೇಲೆ ಚೀಲ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ನಿಲ್ಲುವುದು.

ಭಟ್ಟಿಯಣ್ಣ ಮೊದಲು ಬರಿಗೈಯಲ್ಲಿ ನಿಂತ, ಆಮೇಲೆ ಮಗುವನ್ನು ಎತ್ತಿಕೊಂಡಂತೆ ಚೀಲ ಎತ್ತಿಕೊಂಡು ನಿಂತ. ಔಷಧಿ ಅಂಗಡಿಯವನು ಮುಳ್ಳು ನೋಡಿ, “ಏಕಾಏಕಿ ಇಷ್ಟು ತೂಕ ಏರಬಾರದು. ಸಕ್ಕರೆ ನೋಡಿಸ್ಕೊಳ್ಳಿ” ಎಂದ.

“ಸಕ್ಕರೆ ಇನ್ನೂ ತಂದಿಲ್ಲ. ಇದು ಮೈದಾ.”

ಲೆಕ್ಕ ಬಾಯಿಪಾಠ ಮಾಡುತ್ತ ಹೊರಬಂದು ನೋಡಿದರೆ, ಬೇಕರಿಯಿಂದ ಅಲ್ಲಿಯವರೆಗೂ ರಸ್ತೆಯ ಮೇಲೆ ಬೆಳ್ಳನೆ ಗೆರೆ. ಚೀಲಕ್ಕೆ ತೂತು. ಲೆಕ್ಕದ ಅರ್ಧ ದಾರಿಯಲ್ಲೇ ಸೋರಿಹೋಗಿತ್ತು.

ಕೊನೆಗೆ ಯಾರ ಮನಸ್ಸೂ ನೋಯದ ಹಾಗೆ ಭಾವಮೈದನಿಗಾಗಿ ಒಂದು ಸಲ ಜರಡಿ ಹಿಡಿದ, ಅಕ್ಕನಿಗಾಗಿ ಒಂದೇ ಒಂದು ಸಲ ಕುಟ್ಟಿದ, ಮೇಲುಗಡೆ ಬೆರಳಿನಿಂದ ಸವರಿದ. ಅಂದಾಜಿನ ಮೇಲೆ ಮೈದಾ ನಾಲ್ಕು ಲೋಟ. ಸಕ್ಕರೆ ಎರಡೂವರೆಗೆ ಚೂರು ಕಡಿಮೆ. ಕೇಕನ್ನು ಭಟ್ಟಿಯೊಳಗೆ ತಳ್ಳಿ, ಮಗಳ ಹಾಗೆ ಅಲ್ಲಾಡದೆ ನಿಂತ.

ಕೇಕು ಹತ್ತಿಯ ಹಾಗೆ ಅರಳಿತು. ಮೇಲಿನ ಉಬ್ಬನ್ನು ಕೊಯ್ದು ಸಮ ಮಾಡುವಾಗ ಬಿದ್ದ ಚೂರನ್ನು ಯಜಮಾನರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

“ಇಷ್ಟು ದಿನ ತಕ್ಕಡಿಯೇ ನಿನ್ನನ್ನ ಕೆಡಿಸಿತ್ತು ನೋಡು. ಇನ್ನು ಅದು ಕೌಂಟರಲ್ಲೇ ಇರಲಿ. ಇಂಥ ಕೇಕು ನಾಳೆಗೆ ಇನ್ನೂ ನಾಲ್ಕು ಒಪ್ಪಿಕೊಂಡೆ. ಬೇಗ ಬಂದುಬಿಡು.”

“ನಾಳೆ ನನಗೆ ರಜೆ ಯಜಮಾನ್ರೇ. ಕೇಕು ಕೆಟ್ಟರೆ ತಾನೇ ಇಲ್ಲ ಅಂದಿದ್ರಿ?”

“ಕೆಟ್ಟಿದ್ರೇ ಕೊಡ್ತಿರಲಿಲ್ಲ. ಇಷ್ಟು ಚೆನ್ನಾಗಿ ಮಾಡೋನಿಗೆ ಹೇಗಯ್ಯಾ ಕೊಡಲಿ?”

ಅಕ್ಕ ಬಿಸ್ಕತ್ತಿನ ಟ್ರೇಯ ಹಿಂದೆ ಮುಖ ಮರೆಮಾಡಿಕೊಂಡಳು. ಭಟ್ಟಿಯಣ್ಣ ಲೋಟ ತೊಳೆದ, ಅಂಗಿಯ ಅಂಚಿನಲ್ಲಿ ಒರೆಸಿದ, ಊಟದ ಡಬ್ಬಿಯ ಪಕ್ಕ ಚೀಲಕ್ಕೆ ಹಾಕಿಕೊಂಡ.

“ನಾಳೆ ಬರದಿದ್ರೆ ನಾಡಿದ್ದೂ ಬರೋದು ಬೇಡ,” ಎಂದರು ಯಜಮಾನರು. ಆಮೇಲೆ ಅವರಿಗೆ ಏನೋ ಹೊಳೆದು ಗಾಬರಿಯಾಯಿತು. “ಏಯ್, ಆ ಲೋಟ ಇಟ್ಟು ಹೋಗು.”

ಭಟ್ಟಿಯಣ್ಣ ಬಾಗಿಲಲ್ಲಿ ತಿರುಗಿದ. ತಲೆಯಿಂದ ಕಾಲಿನವರೆಗೆ ಮೈದಾ.

“ಇಡಲ್ಲ,” ಎಂದ.